ಪಂಪ್ ಬಿಚ್ಚದ ಪಂಪ್ ಉಸ್ತಾದ್

"ಗಾಡಿ ಎಳೆಯಂಗಿಲ್ರಿ ಉಸ್ತಾದ್, ಪಂಪ್ ಹೋಗೇತಿ ಅನಸ್ತೈತಿ."

ರಾಣೆಬೆನ್ನೂರಿನ ಪಿ.ಬಿ. ರಸ್ತೆಯಂಚಿನ ಈ ತಗಡಿನ ಶೆಡ್ಡಿಗೆ ಬರುವ ಪಿಕಪ್ ಚಾಲಕರಲ್ಲಿ ಹೆಚ್ಚಿನವರು ದೂರಿನ ಜೊತೆಗೆ ಕಾರಣವನ್ನೂ ತಾವೇ ಹೊತ್ತು ತಂದಿರುತ್ತಾರೆ. ಉಸ್ತಾದರಿಗೆ ಅರವತ್ತು ದಾಟಿದೆ. ಡೀಸೆಲ್ ಪಂಪು, ನಾಜಲ್ಲುಗಳ ರಿಪೇರಿಯಲ್ಲೇ ತಲೆ ಬೆಳ್ಳಗಾದವರು. ಪಂಪ್ ಬಿಚ್ಚಿದರೆ ಸಾವಿರಾರು ರೂಪಾಯಿಯ ಬಿಲ್ಲು. ಆದರೂ ಅವರ ಮೊದಲ ಪ್ರಶ್ನೆ: "ಟ್ಯಾಂಕಿನ ಮುಚ್ಚಳ ತಗದು ನೋಡಿಯೇನು ತಮ್ಮಾ?"

ತಮಾಷೆಯ ಮಾತಲ್ಲ. ಡೀಸೆಲ್ ಖರ್ಚಾದಂತೆ ಟ್ಯಾಂಕಿನೊಳಕ್ಕೆ ಅಷ್ಟೇ ಗಾಳಿ ಹೋಗಬೇಕು. ಮುಚ್ಚಳದ ಸಣ್ಣ ತೂತಿಗೆ ಧೂಳು ಕಟ್ಟಿದರೆ ಒಳಗೆ ನಿರ್ವಾತ ಹುಟ್ಟಿ ಡೀಸೆಲ್ ಮುಂದಕ್ಕೆ ಸಾಗದು. ಮುಚ್ಚಳ ತಿರುವಿದ ಕೂಡಲೇ ಸುಸ್ಸೆಂದು ಗಾಳಿ ಎಳೆದುಕೊಂಡರೆ ರಿಪೇರಿ ಅಲ್ಲಿಗೇ ಮುಗಿಯಿತು. ಬಿಲ್ಲು ಒಂದು ಚಹಾ.

ನಾನು ಹೋದ ದಿನ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಳಿಸಿ ಬಂದ ಹಳೆಯ ಪಿಕಪ್ ಒಂದು ನಿಂತಿತ್ತು. ಸ್ವಲ್ಪ ದೂರ ಚೆನ್ನಾಗಿ ಓಡಿ, ಮಿಸ್ ಹೊಡೆದು ಬಂದ್ ಬೀಳುತ್ತದೆ. ಬೀಡಿ ಸೇದಿ ಮುಗಿಸುವಷ್ಟರಲ್ಲಿ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗುತ್ತದೆ. ಚಾಲಕ ಫಿಲ್ಟರ್ ಬದಲಿಸಿ ಆಗಿತ್ತು. ಬೇರೆ ಗ್ಯಾರೇಜಿನವರು ಪಂಪಿನ ಕಡೆ ಬೆರಳು ತೋರಿಸಿದ್ದರು. ಉಸ್ತಾದರು ಟ್ಯಾಂಕಿನ ಪೈಪ್ ಕಳಚಿ, ಐದು ಲೀಟರಿನ ಕ್ಯಾನಿಗೆ ಡೀಸೆಲ್ ಸುರಿದು ಅದರಿಂದಲೇ ಇಂಜಿನ್‌ಗೆ ಲೈನ್ ಕೊಟ್ಟರು. ಊರ ಹೊರಗಿನ ತನಕ ಹೋಗಿ ಬಂದರೂ ಗಾಡಿ ನಿಲ್ಲಲಿಲ್ಲ. ಅಂದರೆ ಪಂಪು, ನಾಜಲ್ಲುಗಳದ್ದು ತಪ್ಪಿಲ್ಲ. ತೊಂದರೆ ಟ್ಯಾಂಕಿನ ಕಡೆಗೇ ಇದೆ. ಟ್ಯಾಂಕ್ ಇಳಿಸಿದಾಗ ಹೀರುವ ಪೈಪಿನ ಜಾಲರಿಯ ಹತ್ತಿರ ಸಿಕ್ಕಿದ್ದು ಬನಿಯನ್ ಬಟ್ಟೆಯ ತುಂಡು. ಮುಚ್ಚಳ ಕಳೆದುಹೋಗಿತ್ತೆಂದು ಯಾರೋ ಟ್ಯಾಂಕಿನ ಬಾಯಿಗೆ ಹಳೆಯ ಬನಿಯನ್ ತುರುಕಿದ್ದರು. ಇಂಜಿನ್ ಎಳೆಯುವಾಗ ಬಟ್ಟೆ ಜಾಲರಿಗೆ ಅಂಟುತ್ತಿತ್ತು, ಇಂಜಿನ್ ನಿಂತರೆ ಕೆಳಗೆ ಬೀಳುತ್ತಿತ್ತು. ಚಾಲಕನ ಮುಖ ನೋಡುವ ಹಾಗಿತ್ತು.

ಡೀಸೆಲ್ ಲೈನಿಗೆ ಹೊಕ್ಕುವ ಗಾಳಿಯ ಕಾಟ ಇದಕ್ಕಿಂತ ಸೂಕ್ಷ್ಮ. ಟ್ಯಾಂಕಿನಿಂದ ಡೀಸೆಲ್ ಎಳೆದು ಕೊಡುವ ಫೀಡ್ ಪಂಪಿನಿಂದ ಮುಂದೆ ಲೀಕ್ ಇದ್ದರೆ ಡೀಸೆಲ್ ಹೊರಗೆ ಸೋರಿ ಕಣ್ಣಿಗೆ ಕಾಣುತ್ತದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನದು ಹೀರುವ ದಾರಿ. ಅಲ್ಲಿ ಡೀಸೆಲ್ ಸೋರದೆಯೂ ಗಾಳಿ ಒಳಗೆ ನುಗ್ಗಬಹುದು. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಬ್ಯಾಟರಿ ಇಳಿಯುವ ತನಕ ಸೆಲ್ಫ್ ಹೊಡೆಸಿಕೊಂಡರೆ ಉಸ್ತಾದರು ನಡುವೆ ಒಂದು ಗೇಣು ಪಾರದರ್ಶಕ ಪೈಪ್ ಜೋಡಿಸುತ್ತಾರೆ. ಗುಳ್ಳೆ ಓಡಿದರೆ ಏರ್ ಹಿಡಿದಿದೆ. ಎಷ್ಟೋ ಸಲ ಕಾರಣ, ಪೈಪ್ ಜೋಡಿಸುವ ಬ್ಯಾಂಜೋ ಬೋಲ್ಟಿಗೆ ಹಳೆಯ ತಾಮ್ರದ ವಾಷರನ್ನೇ ಮತ್ತೆ ಹಾಕಿರುವುದು. ಡೀಸೆಲ್ಲಿಗೆ ಸೇರಿದ ನೀರು, ಮುಚ್ಚಿಹೋದ ಫಿಲ್ಟರ್ ಎಲ್ಲರಿಗೂ ಗೊತ್ತಿರುವ ವಿಷಯ, ಗೊತ್ತಿದ್ದೂ ಯಾರೂ ನೀರು ಬಸಿಯುವುದಿಲ್ಲ ಎಂಬುದು ಅವರ ಗೊಣಗು.

ನಾನು ಹೋಗಿದ್ದು ಮಾತ್ರ ನಾಜಲ್ ಕೆಲಸ ನೋಡಲು. ಅವರು ನಾಜಲ್ಲಿನೊಳಗಿನ ಸೂಜಿಯನ್ನು ಶುದ್ಧ ಡೀಸೆಲ್‌ನಲ್ಲಿ ಅದ್ದಿ, ನಾಜಲ್ಲನ್ನು ಓರೆಯಾಗಿ ಹಿಡಿದು, ಸೂಜಿಯನ್ನು ಮೂರನೇ ಒಂದು ಪಾಲು ಹೊರಗೆಳೆದು ಕೈಬಿಟ್ಟರು. ತನ್ನ ಭಾರಕ್ಕೆ ತಾನೇ ಜಾರಿ ಕೂತಿತು. ತುಸು ತಿರುವಿ ಮತ್ತೆ ಬಿಟ್ಟರು, ಕೂತಿತು. ಇನ್ನೊಮ್ಮೆ ತಿರುವಿದಾಗ ಅರ್ಧದಲ್ಲೇ ನಿಂತಿತು. "ಹಿಡೀತು ನೋಡ್ರಿ." ಸೂಜಿಗೂ ಅದರ ಗೂಡಿಗೂ ನಡುವಿನ ಸಂದು ಕೆಲವೇ ಮೈಕ್ರಾನ್, ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್. ಜೋಡಿಯಾಗಿಯೇ ಉಜ್ಜಿ ಹೊಂದಿಸಿದ್ದರಿಂದ ಒಂದರ ಸೂಜಿ ಇನ್ನೊಂದಕ್ಕೆ ಬಾರದು. ಒರೆಸಿದ ಬಟ್ಟೆಯ ಒಂದು ಎಳೆ ಸಾಕು, ಕೆಲಸ ಕೆಡಲು.

ಆಮೇಲೆ ಟೆಸ್ಟರ್. ಕೈಹಿಡಿಕೆ ಒತ್ತಿದಂತೆ ಮೀಟರಿನ ಮುಳ್ಳು ಇನ್ನೂರು ಬಾರ್ ಹತ್ತಿರ ಏರುತ್ತದೆ, ಸೂಜಿ ಎದ್ದು ಕೂತು ಚರ್‌ಚರ್ ಎನ್ನುತ್ತದೆ, ಡೀಸೆಲ್ ಮಂಜಾಗಿ ಹಾರುತ್ತದೆ. ಉಸ್ತಾದರು ಮೀಟರ್ ನೋಡುವ ಮೊದಲೇ ಕಿವಿ ಕೊಟ್ಟಿರುತ್ತಾರೆ. ಶಬ್ದ ಒರಟಾಗಿದ್ದು ತುದಿಯಲ್ಲಿ ಹನಿ ನಿಂತರೆ ಆ ನಾಜಲ್ ಬಿಸಾಡುವುದೇ. ಗಾಡಿಗೆ ಹಾಕಿದರೆ ಕಪ್ಪು ಹೊಗೆ, ಟಕಟಕ ಸದ್ದು. ನಾನು ಆ ಮಂಜಿನ ಕಡೆ ಬೆರಳು ಚಾಚಿದಾಗ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದರು. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಸಣ್ಣ ಚುಕ್ಕೆ ಮಾತ್ರ. ತಡಮಾಡಿದರೆ ಬೆರಳೇ ಹೋಗಬಹುದು.

ಈ ವಿದ್ಯೆ ನಮ್ಮಲ್ಲಿಗೆ ಬಂದ ಕಥೆ ಅವರ ಬಾಯಲ್ಲಿ ಚಿಕ್ಕದು: "ಎಲ್ಲಾ ಮೈಕೋ ಕೃಪಾರೀ." ಜರ್ಮನಿಯ ಬಾಷ್ ಕಂಪನಿ 1927ರಲ್ಲಿ ಡೀಸೆಲ್ ಇಂಜೆಕ್ಷನ್ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಶುರುಮಾಡಿತು. ಅದರ ಭಾರತದ ಕೂಸು ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೋ, ಹುಟ್ಟಿದ್ದು 1951ರಲ್ಲಿ. ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಿಂದ ಹೊರಟ ಪಂಪುಗಳು ಲಾರಿ, ಟ್ರಾಕ್ಟರುಗಳ ಜೊತೆ ಊರೂರಿಗೆ ಹೋದವು. ಅವುಗಳ ಹಿಂದೆಯೇ ಅವನ್ನು ರಿಪೇರಿ ಮಾಡುವ ಪಂಪ್ ರೂಮುಗಳು ಹುಟ್ಟಿಕೊಂಡವು. ಹುಬ್ಬಳ್ಳಿಯ ಅಂಥದೊಂದು ಪಂಪ್ ರೂಮಿನಲ್ಲಿ ಹುಡುಗನಾಗಿ ಬರೀ ಸಾಮಾನು ತೊಳೆಯುತ್ತ ಉಸ್ತಾದರು ಕಲಿತರು. ಕಂಪನಿಯ ಹೆಸರು 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು. ಶೆಡ್ಡಿನಲ್ಲಿ ಅದಿನ್ನೂ ಮೈಕೋನೇ.

ಈಗಿನ ಪಿಕಪ್ಪುಗಳು ಕಾಮನ್ ರೈಲ್, ಅಂದರೆ ಎಲ್ಲ ಇಂಜೆಕ್ಟರುಗಳಿಗೂ ಒಂದೇ ನಳಿಗೆಯಿಂದ ಡೀಸೆಲ್ ಹಂಚುವಂಥವು. ಅಲ್ಲಿ ಒತ್ತಡ ಸಾವಿರದೈನೂರು ಬಾರ್ ದಾಟುತ್ತದೆ, ಡೀಸೆಲ್ ಬಿಡುವ ಹೊತ್ತನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಹಳೆಯ ಇಂಜಿನ್ ಓಡುತ್ತಿರುವಾಗಲೇ ಒಂದೊಂದು ನಾಜಲ್ ಪೈಪಿನ ನಟ್ ಸಡಿಲಿಸಿ, ಯಾವುದಕ್ಕೆ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಸತ್ತಿದೆ ಎನ್ನುತ್ತಿದ್ದ ಪರೀಕ್ಷೆಯನ್ನು ಇಲ್ಲಿ ಮಾಡಿದರೆ ಪ್ರಾಣಕ್ಕೇ ಕುತ್ತು. ಬದಲಿಗೆ ನಾಲ್ಕು ಇಂಜೆಕ್ಟರುಗಳ ರಿಟರ್ನ್ ಪೈಪಿಗೆ ನಾಲ್ಕು ಬಾಟಲಿ ಕಟ್ಟಿ, ಯಾವುದು ಬೇಗ ತುಂಬುತ್ತದೋ ಆ ಇಂಜೆಕ್ಟರಿನ ಮೇಲೆ ಅನುಮಾನ ಪಡುತ್ತಾರೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಹೊಸ ಗಾಡಿಗಳು ನೇರ ಶೋರೂಮಿಗೇ ಹೋಗುತ್ತವೆ. ಸ್ಕ್ಯಾನರ್ 'ರೈಲ್ ಪ್ರೆಷರ್ ಕಡಿಮೆ' ಎಂದು ಬರೆದರೆ ದುಬಾರಿ ಪಂಪ್ ಬದಲಿಸುವ ಅವಸರ ಅಲ್ಲೂ ಇದೆ, ಟ್ಯಾಂಕಿನ ಜಾಲರಿ ಕಟ್ಟಿದ್ದರೂ ಅದೇ ಸಂದೇಶ ಬರಬಹುದು. ಪಂಪಿಗೆ ಕೈಹಾಕುವ ಮೊದಲು ಟ್ಯಾಂಕ್ ನೋಡಬೇಕೆಂಬುದನ್ನು ಹುಡುಗರಿಗೆ ಹೇಳಿಕೊಡಲು ಐಟಿಐಗಳು ಇಂಥವರನ್ನು ವಾರಕ್ಕೊಮ್ಮೆಯಾದರೂ ಕರೆಯಬಾರದೇ?

ಶೆಡ್ಡಿನ ಅರ್ಧ ಜಾಗ ಹಿಡಿದಿರುವ, ಪಂಪಿನ ಅಳತೆ ಹೊಂದಿಸುವ ಕ್ಯಾಲಿಬ್ರೇಶನ್ ಬೆಂಚಿಗೆ ಈಗ ಕೆಲಸ ಕೊಡುವುದು ಹೆಚ್ಚಾಗಿ ಹಳೆಯ ಟ್ರಾಕ್ಟರುಗಳು, ಅದೂ ಬಿತ್ತನೆಗೆ ಮುಂಚೆ. ಗುಜರಿಯವನು ಕಿಲೋ ಲೆಕ್ಕದಲ್ಲಿ ಕೇಳಿಹೋಗಿದ್ದಾನೆ. ಐಟಿಐ ಓದುತ್ತಿರುವ ಮೊಮ್ಮಗನಿಗೆ ಆ ಜಾಗದಲ್ಲಿ ಸ್ಕ್ಯಾನರು, ಹೊಸ ಮೇಜು ಇಡುವ ಆಸೆ.

"ಕೊಡಸೋಣಂತ, ಬ್ಯಾಡ ಅಂದಿಲ್ಲ," ಎಂದರು ಉಸ್ತಾದರು ಬೆಂಚಿನ ಗಾಜಿನ ನಳಿಗೆಗಳನ್ನು ಒರೆಸುತ್ತ. "ಆದ್ರ ಮುಂದಿನ ಮುಂಗಾರಿಗೆ ಟ್ರಾಕ್ಟರ್ ಪಂಪ್ ತಗೊಂಡು ಬಂದವರಿಗೆ ಎಲ್ಲಿಗೆ ಹೋಗಂತ ಹೇಳ್ಲಿ?"