ಅಜ್ಜಿಯ ಕರೆಯೂ ಆಟವೂ ಒಂದೇ ಪರದೆಯಲ್ಲಿ

ಸಿಯಾಟಲ್ ನಗರದಿಂದ ವಾಷಿಂಗ್ಟನ್ ಸರೋವರದ ಮೇಲಿನ ತೇಲುಸೇತುವೆಯನ್ನು ದಾಟಿ ಪೂರ್ವಕ್ಕೆ ಸಾಗಿದರೆ ರೆಡ್ಮಂಡ್ ಸಿಗುತ್ತದೆ. ನಮ್ಮವರಿಗೆ ಈ ಊರಿನ ಹೆಸರು ಪರಿಚಿತವಾದದ್ದು ಮೈಕ್ರೋಸಾಫ್ಟ್‌ನಿಂದ. ಆದರೆ ಅದೇ ಊರಿನಲ್ಲಿ 1982ರಿಂದ ನೆಲೆಸಿರುವ ಮತ್ತೊಂದು ಸಂಸ್ಥೆಯಿದೆ. ಅದು ಜಪಾನಿನ ನಿಂಟೆಂಡೊ ಕಂಪನಿಯ ಅಮೆರಿಕ ಶಾಖೆ. ನನ್ನ ಮಗ ಚಿಕ್ಕವನಿದ್ದಾಗ ಆ ದಾರಿಯಲ್ಲಿ ಹೋಗುವಾಗಲೆಲ್ಲ ಕಾರಿನ ಕಿಟಕಿಗೆ ಮೂಗು ಒತ್ತಿ, ದೇವಸ್ಥಾನದ ಗೋಪುರ ಕಂಡವನಂತೆ ನೋಡುತ್ತಿದ್ದ.

ಅವನ ಭಕ್ತಿಯನ್ನು ನಗೆಯಾಡುವ ಅಧಿಕಾರ ನನಗಿರಲಿಲ್ಲ. ತೊಂಬತ್ತರ ದಶಕದಲ್ಲಿ ಸಾಗರದ ಮಾರಿಕಾಂಬಾ ಜಾತ್ರೆಯ ಅಂಗಡಿಯಲ್ಲಿ, ಎರಡು ಪೆನ್ಸಿಲ್ ಸೆಲ್ ಹಾಕಿ ಆಡುವ ‘ಬ್ರಿಕ್ ಗೇಮ್’ ಕೊಂಡವನು ನಾನು. ಎಂಬಿಬಿಎಸ್ ಮುಗಿಸಿದ ಮೇಲೂ ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಸಾಲಾಗಿ ಜೋಡಿಸುತ್ತ ಕುಳಿತಿದ್ದೇನೆ. 1989ರಲ್ಲಿ ನಿಂಟೆಂಡೊ ತನ್ನ ಗೇಮ್ ಬಾಯ್ ಎಂಬ ಸಾಧನದೊಡನೆ ಅಮೆರಿಕದಲ್ಲಿ ಕೊಟ್ಟ ಟೆಟ್ರಿಸ್ ಆಟದ ಅಗ್ಗದ ನಕಲು ಅದೆಂದು ತಿಳಿದದ್ದು ಇಲ್ಲಿಗೆ ಬಂದ ಮೇಲೆ.

2011ರ ಶರತ್ಕಾಲದಲ್ಲಿ ಮಗನ ಹುಟ್ಟುಹಬ್ಬಕ್ಕೆ ನಿಂಟೆಂಡೊ 3ಡಿಎಸ್ ತಂದುಕೊಟ್ಟೆವು. ಆಗ ನನ್ನ ಅಮ್ಮ ಆರು ತಿಂಗಳಿಗೆಂದು ಸಾಗರದಿಂದ ಬಂದಿದ್ದರು. ಅದರ ಬ್ಯಾಟರಿ ಮೂರರಿಂದ ಐದು ಗಂಟೆ ಬಾಳುತ್ತಿತ್ತು. ಕೆಂಪು ದೀಪ ಕಂಡೊಡನೆ ಅಮ್ಮ, “ಅದಕ್ಕೂ ಸುಸ್ತಾಯ್ತು, ಇನ್ನು ಬಾ,” ಎಂದು ಮೊಮ್ಮಗನನ್ನು ಕರೆಯುತ್ತಿದ್ದರು. ಆಟದ ಮುಚ್ಚಳ ಮುಚ್ಚುತ್ತಿತ್ತು, ಕಥೆ ಆರಂಭವಾಗುತ್ತಿತ್ತು. ಆ ವರ್ಷದ ರಾಜ್ಯೋತ್ಸವದಲ್ಲಿ ಕನ್ನಡ ಕುಟುಂಬಗಳ ಹುಡುಗರು ಊಟದ ಮೇಜಿನಡಿ ಸೇರಿದ್ದರು. ಎರಡು 3ಡಿಎಸ್‌ಗಳು ಹತ್ತಿರ ಹಾದುಹೋದರೆ ತಾವಾಗಿಯೇ ಪರಸ್ಪರ ಪರಿಚಯ ಮಾಡಿಕೊಳ್ಳುವ ವ್ಯವಸ್ಥೆ ಅದರಲ್ಲಿತ್ತು. ಹಾಗಾಗಿ ಆಟಕ್ಕಾಗಿಯಾದರೂ ಮಕ್ಕಳು ಒಂದೆಡೆ ಸೇರಬೇಕಿತ್ತು.

ಆ ಸಾಧನ ಅದಾಗಲೇ ಸಂಕಷ್ಟದಲ್ಲಿತ್ತೆಂಬುದು ನಮಗೆ ತಿಳಿದಿರಲಿಲ್ಲ. 2007ರಲ್ಲಿ ಐಫೋನ್ ಬಂತು; ಮರುವರ್ಷ ಆ್ಯಪ್ ಸ್ಟೋರ್ ತೆರೆಯಿತು. 3ಡಿಎಸ್‌ನ ಒಂದು ಆಟಕ್ಕೆ ನಲವತ್ತು ಡಾಲರ್ ತೆರಬೇಕಿದ್ದಾಗ ಫೋನಿನಲ್ಲಿ ಒಂದೇ ಡಾಲರಿಗೆ ಆಟ ಸಿಗುತ್ತಿತ್ತು; ಬಳಿಕ ಅದೂ ಉಚಿತವಾಯಿತು. ಫೋನನ್ನು ಆಟಕ್ಕೆಂದು ಯಾರೂ ಕೊಳ್ಳಬೇಕಿರಲಿಲ್ಲ. ಅದು ಆಗಲೇ ಜೇಬಿನಲ್ಲಿತ್ತು. 2011ರ ಮಾರ್ಚ್‌ನಲ್ಲಿ 250 ಡಾಲರಿಗೆ ಅಮೆರಿಕದ ಮಾರುಕಟ್ಟೆಗೆ ಬಂದ 3ಡಿಎಸ್‌ನ ಬೆಲೆಯನ್ನು ಆಗಸ್ಟ್‌ನಲ್ಲೇ 170ಕ್ಕೆ ಇಳಿಸಬೇಕಾಯಿತು. ಆಗಿನ ಅಧ್ಯಕ್ಷ ಸಟೋರು ಇವಾಟಾ ತಮ್ಮ ಸಂಬಳವನ್ನು ಅರ್ಧಕ್ಕೆ ಕಡಿತಗೊಳಿಸಿಕೊಂಡರು. ಮಾರ್ಚ್ 2012ಕ್ಕೆ ಮುಗಿದ ವರ್ಷದಲ್ಲಿ ಕಂಪನಿಗೆ ಸುಮಾರು 43 ಶತಕೋಟಿ ಯೆನ್ ನಷ್ಟ. ಹಿಂದಿನ ಸಾಧನವಾದ ಡಿಎಸ್ 15 ಕೋಟಿಗೂ ಹೆಚ್ಚು ಮಾರಾಟವಾಗಿದ್ದರೆ, 3ಡಿಎಸ್ ಅದರ ಅರ್ಧದಷ್ಟಕ್ಕೆ ನಿಂತಿತು. ಸೋನಿಯ ಪ್ಲೇಸ್ಟೇಷನ್ ವೀಟಾದ ತಯಾರಿಕೆಯಂತೂ 2019ರಲ್ಲಿ ಉತ್ತರಾಧಿಕಾರಿಯಿಲ್ಲದೆ ಕೊನೆಗೊಂಡಿತು.

ನಮ್ಮೂರಿನ ಬೇಸ್‌ಬಾಲ್ ತಂಡ ಮ್ಯಾರಿನರ್ಸ್‌ನ ಚರಿತ್ರೆಯಲ್ಲೂ ಈ ಬದಲಾವಣೆಯ ಗುರುತಿದೆಯೆಂದು ನನಗೆ ಅನಿಸುವುದುಂಟು. 1992ರಲ್ಲಿ ಈ ತಂಡ ಬೇರೆ ಊರಿಗೆ ಹೋಗದಂತೆ ಉಳಿಸಿದ ಹಣದಲ್ಲಿ ನಿಂಟೆಂಡೊದ ಹಿರೋಶಿ ಯಮಾಉಚಿಯವರ ಪಾಲೇ ದೊಡ್ಡದು. 2016ರಲ್ಲಿ ನಿಂಟೆಂಡೊ ತನ್ನ ಪಾಲಿನ ಬಹುಭಾಗವನ್ನು ಮಾರಿತು. ಈಗ ಆ ಕ್ರೀಡಾಂಗಣದ ಮೇಲಿರುವುದು ಬೆಲ್ವ್ಯೂನ ಫೋನ್ ಕಂಪನಿ ಟಿ-ಮೊಬೈಲ್‌ನ ಹೆಸರು.

ಮನೆಯೊಳಗಿನ ಬದಲಾವಣೆ ಇಷ್ಟು ಢಾಳಾಗಿ ಕಾಣಲಿಲ್ಲ. ಮಗಳು ಅಣ್ಣನಿಗಿಂತ ಆರು ವರ್ಷ ಚಿಕ್ಕವಳು. ಅವಳ ಕೈಗೆ ಮೊದಲು ಬಂದದ್ದೇ ಫೋನು, 2018ರಲ್ಲಿ. ಪ್ರತ್ಯೇಕ ಆಟದ ಸಾಧನಕ್ಕೆ ಖರ್ಚೇಕೆಂದು ನಿರ್ಧರಿಸಿದವನು ನಾನೇ. ಒಂದು ಶನಿವಾರ ಸಂಜೆ ಅವಳ ಪಕ್ಕದಲ್ಲಿ ಕುಳಿತಿದ್ದೆ. ಆಟದ ನಡುವೆ ಪರದೆಯ ಮೇಲೆ ಅಜ್ಜಿಯ ಮುಖ ಮೂಡಿತು. ಸಾಗರದಲ್ಲಿ ಆಗ ಭಾನುವಾರದ ಬೆಳಗು. ಮಗಳು ಬೆರಳಿನಿಂದ ಆ ಮುಖವನ್ನು ಬದಿಗೆ ಸರಿಸಿ ಆಟ ಮುಂದುವರಿಸಿದಳು. ಅವಳಲ್ಲಿ ಒರಟುತನವಿರಲಿಲ್ಲ, ನೊಣ ಓಡಿಸುವಷ್ಟೇ ಸಹಜವಾದ ಚಲನೆ ಅದು. ಆಮೇಲೆ ನಾನು ಕರೆ ಮಾಡಿದಾಗ ಅಮ್ಮ, “ಅವಳಿಗೆ ಪುರುಸೊತ್ತಿರಲಿಲ್ವೇನೋ, ಬಿಡು,” ಎಂದರು. ತಿಂಗಳುಗಳಿಂದ ಹೀಗೇ ನಡೆದಿತ್ತೆಂದು ಆಗ ಗೊತ್ತಾಯಿತು. ಮೊಮ್ಮಗಳಿಗೆ ತೊಂದರೆಯಾಗಬಾರದೆಂದು ಅಮ್ಮ ಕರೆ ಮಾಡುವುದನ್ನೇ ಕಡಿಮೆ ಮಾಡಿದ್ದರು.

ಮಗಳನ್ನು ಗದರಲು ಹೊರಟವನಿಗೆ ನನ್ನ ಹಳೆಯ ಪೇಜರ್ ನೆನಪಾಯಿತು. ಇಲ್ಲಿ ರೆಸಿಡೆನ್ಸಿ ಮಾಡುವಾಗ ಸೊಂಟದಲ್ಲಿ ಅದೊಂದಿರುತ್ತಿತ್ತು. ಅದಕ್ಕೆ ಗೊತ್ತಿದ್ದದ್ದು ಒಂದೇ ಕೆಲಸ. ಪಾಳಿ ಮುಗಿದು ಅದನ್ನು ಮುಂದಿನವರ ಕೈಗೆ ಒಪ್ಪಿಸಿದರೆ ಆಸ್ಪತ್ರೆಯೂ ಅಲ್ಲಿಗೆ ಉಳಿಯುತ್ತಿತ್ತು. ಈಗ ರೋಗಿಗಳ ವರದಿ, ಸಹೋದ್ಯೋಗಿಗಳ ಸಂದೇಶ, ಕ್ರಿಕೆಟ್ ಸ್ಕೋರು, ಅಮ್ಮನ ಧ್ವನಿ ಎಲ್ಲವೂ ಒಂದೇ ಗಾಜಿನ ಹಿಂದಿವೆ. ಊಟದ ಮೇಜಿನಲ್ಲಿ ಅಮ್ಮನೊಡನೆ ಮಾತನಾಡುತ್ತಲೇ ವರದಿಯ ಮೇಲೆ ಕಣ್ಣಾಡಿಸಿದವನು ನಾನು. ಮಗಳು ಕಲಿತದ್ದು ನನ್ನಿಂದಲೇ. 3ಡಿಎಸ್ ಇದ್ದಾಗ ಆಟಕ್ಕೊಂದು ಮುಚ್ಚಳವಿತ್ತು, ಕರೆಗೆ ಬೇರೆಯದೇ ಉಪಕರಣವಿತ್ತು. ಆಟವನ್ನು ಕೆಳಗಿಟ್ಟೇ ಅಜ್ಜಿಯೊಡನೆ ಮಾತನಾಡಬೇಕಿತ್ತು. ಫೋನಿನಲ್ಲಿ ಅಜ್ಜಿಯೇ ಆಟದ ಅಡಚಣೆಯಾದರು.

ಇಷ್ಟಾಗಿಯೂ ಒಂದೇ ಕೆಲಸದ ಸಾಧನ ಸಾಯಲಿಲ್ಲ. 2017ರ ಮಾರ್ಚ್‌ನಲ್ಲಿ ಬಂದ ನಿಂಟೆಂಡೊ ಸ್ವಿಚ್, ಜೇಬಿನಲ್ಲಿ ಫೋನಿನೊಡನೆ ಸ್ಪರ್ಧಿಸಲು ಹೋಗಲಿಲ್ಲ. ಅದನ್ನು ಟಿ.ವಿ.ಗೆ ಜೋಡಿಸಬಹುದು, ಮೇಜಿನ ಮೇಲೆ ನಿಲ್ಲಿಸಬಹುದು. ಎರಡು ಬದಿಯ ಹಿಡಿಗಳನ್ನು ಕಳಚಿ ಇಬ್ಬರು ಹಂಚಿಕೊಳ್ಳಬಹುದು. ಅದು 15 ಕೋಟಿಗೂ ಹೆಚ್ಚು ಮಾರಾಟವಾಯಿತು. ನಮ್ಮ ನೆರೆಯ ಬೆಲ್ವ್ಯೂನ ವಾಲ್ವ್ ಸಂಸ್ಥೆ 2022ರಲ್ಲಿ ಸ್ಟೀಮ್ ಡೆಕ್ ತಂದಿತು. 2025ರಲ್ಲಿ ಸ್ವಿಚ್ 2 ಬಂತು. ಫೋನ್ ಮಾಡಲಾಗದ್ದನ್ನು ಮಾಡಿದ ಸಾಧನಗಳು ಉಳಿದವು. ಫೋನಿನಂತಾಗಲು ಹೊರಟಿದ್ದರೆ ಅಳಿಯುತ್ತಿದ್ದವೇನೋ.

ನಮ್ಮ ಮನೆಗೂ ಸ್ವಿಚ್ ಬಂತು. 2023ರ ಬೇಸಿಗೆಯಲ್ಲಿ ಮತ್ತೆ ಬಂದಿದ್ದ ಅಮ್ಮ, ಒಂದು ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಮಾರಿಯೋ ಕಾರು ಓಡಿಸಿದರು. ಕಾರು ಕೆರೆಗೆ ಬಿದ್ದಾಗಲೆಲ್ಲ “ಅಯ್ಯೋ ರಾಮ” ಎಂದರು. ಮೊಮ್ಮಗಳು ಪಕ್ಕದಲ್ಲಿ ಬಿದ್ದುಬಿದ್ದು ನಕ್ಕಳು. ಆ ಹೊತ್ತಿನಲ್ಲಿ ಯಾರ ಕರೆಯೂ ನಡುವೆ ಬರಲಿಲ್ಲ.

ಊರಿನಿಂದ ಹಲವರು, “ಬರುವಾಗ ಹುಡುಗನಿಗೊಂದು ಗೇಮ್ ತರ್ತೀಯಾ? ಫೋನಾದರೂ ತಪ್ಪಲಿ,” ಎಂದು ಕೇಳುತ್ತಾರೆ. ತರಬಲ್ಲೆ. ಆದರೆ ಒಂದೊಂದು ಹೊಸ ಆಟಕ್ಕೂ ಅರವತ್ತು ಡಾಲರ್ ಮೀರುವುದುಂಟು. ಸ್ವಿಚ್ ಭಾರತದಲ್ಲಿ ಅಧಿಕೃತವಾಗಿ ಬಿಡುಗಡೆಯಾಗದ್ದರಿಂದ ಕೆಟ್ಟರೆ ದುರಸ್ತಿಯೂ ಕಷ್ಟ. ಮೇಲಾಗಿ ಸಾಧನವೊಂದೇ ಮನೆಯ ಪದ್ಧತಿಯನ್ನು ತಿದ್ದುವುದಿಲ್ಲ. ನಮ್ಮಲ್ಲಿ ಈಗ ರಾತ್ರಿ ಎಲ್ಲರ ಫೋನುಗಳೂ ಅಡುಗೆಮನೆಯಲ್ಲಿ ಮಲಗುತ್ತವೆ, ನನ್ನದು ಕರ್ತವ್ಯದ ರಾತ್ರಿಗಳ ಹೊರತು. ಶನಿವಾರ ಸಂಜೆ ಅಮ್ಮನ ಕರೆಯನ್ನು ಟಿ.ವಿ.ಯ ದೊಡ್ಡ ಪರದೆಯಲ್ಲಿ, ಎಲ್ಲರೂ ಒಟ್ಟಿಗೆ ಕುಳಿತು ಸ್ವೀಕರಿಸುತ್ತೇವೆ.

ವಿದೇಶಕ್ಕೆ ಹೊರಟಿರುವ ಕಿರಿಯರು ಹೀಗೊಂದು ಹೊತ್ತನ್ನು ಮೊದಲ ವಾರದಲ್ಲೇ ಗೊತ್ತುಮಾಡಿಕೊಳ್ಳಲಿ. ಊರಿನಲ್ಲಿರುವ ಹಿರಿಯರಲ್ಲಿಯೂ ಒಂದು ಕೋರಿಕೆಯಿದೆ. ಮೊಮ್ಮಕ್ಕಳು ಕರೆ ಕಡಿದರೆ ಪುರುಸೊತ್ತಿಲ್ಲವೆಂದು ಸುಮ್ಮನಾಗಬೇಡಿ. ಬಹುಶಃ ಆಟದಲ್ಲಿರುತ್ತಾರೆ. ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿ.