ಏರ್‌ಲೂಮ್: ಮನೆತನದ ಒಡವೆ ಮತ್ತು ವರ್ತಕನ ಲೆಕ್ಕ

ಆಭರಣ ವ್ಯಾಪಾರದ ಜಾಹೀರಾತುಗಳಲ್ಲಿ ‘ಏರ್‌ಲೂಮ್’ ಎಂಬ ಇಂಗ್ಲಿಷ್ ಪದವು ಈಗ ಧಾರಾಳವಾಗಿ ಬಳಕೆಯಾಗುತ್ತಿದೆ. ಹೊಸದಾಗಿ ತಯಾರಾದ ಸರಕ್ಕೂ ಇದೇ ಹೆಸರು, ಅಜ್ಜಿಯ ಬೋರಮಾಳಕ್ಕೂ ಇದೇ ಹೆಸರು. ಆದರೆ ಮಾರಾಟ, ಪಾಲುಪಟ್ಟಿ ಅಥವಾ ತೆರಿಗೆಯ ಪ್ರಶ್ನೆ ಎದುರಾದಾಗ ಇವೆರಡೂ ಒಂದೇ ಅಲ್ಲ. ಆದ್ದರಿಂದ ಪದದ ನಿಜವಾದ ಅರ್ಥವನ್ನು ವರ್ತಕರು ತಿಳಿದಿರುವುದು ಅವಶ್ಯಕ.

ಪದದ ಮೂಲ

‘ಏರ್’ ಎಂದರೆ ವಾರಸುದಾರ. ‘ಲೂಮ್’ ಎಂದೊಡನೆ ಭಾಗ್ಯನಗರದ ಅಥವಾ ಇಳಕಲ್ಲಿನ ಮಗ್ಗ ನೆನಪಾಗುವುದು ಸಹಜ. ಹಳೆಯ ಇಂಗ್ಲಿಷಿನಲ್ಲಿ ಮಾತ್ರ ಅದು ಯಾವುದೇ ಉಪಕರಣಕ್ಕೆ ಸಲ್ಲುವ ಸಾಮಾನ್ಯ ಪದವಾಗಿತ್ತು. ಮಗ್ಗ ಎಂಬ ಅರ್ಥ ಅನಂತರ ಬಂದುದು. ಹೀಗೆ, ವಾರಸುದಾರನಿಗೆ ಸಲ್ಲುವ ಮನೆಯ ವಸ್ತುವೇ ಏರ್‌ಲೂಮ್. ಆ ದೇಶದ ಹಳೆಯ ಕಾನೂನಿನಲ್ಲಿ ಇಂಥ ಕೆಲವು ವಸ್ತುಗಳು ರೂಢಿಯಂತೆ ಮನೆಯೊಡನೆಯೇ ವಾರಸುದಾರನಿಗೆ ಹೋಗುತ್ತಿದ್ದವು. ಅವನ್ನು ಪ್ರತ್ಯೇಕಿಸಿ ಬೇರೆಯವರಿಗೆ ಮರಣಶಾಸನ ಬರೆಯಲು ಅವಕಾಶವಿರಲಿಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಮನೆಗಳಲ್ಲಿ ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಬರುವ ಪಾಟ್ಲಿ, ಬಿಲವಾರ, ಬುಗುಡಿ, ಟೀಕಿ ಸರಗಳು ಈ ವರ್ಗಕ್ಕೆ ಸೇರುತ್ತವೆ. ‘ಮನೆತನದ ಒಡವೆ’ ಎಂಬುದು ಇದಕ್ಕೆ ಸರಿಹೊಂದುವ ಕನ್ನಡ. ‘ಆ್ಯಂಟಿಕ್’ ಎಂಬುದು ಬೇರೆ. ಅಂಗಡಿಯಲ್ಲಿ ಅದು ಕೇವಲ ಮಾಸಲು ಬಣ್ಣದ ಕೆಲಸಗಾರಿಕೆಯ ಹೆಸರು. ಆದರೆ 1972ರ ಪುರಾತನ ವಸ್ತುಗಳ ಅಧಿನಿಯಮದಲ್ಲಿ ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಲಾಕುಶಲ ವಸ್ತುವಿಗೆ ‘ಪುರಾತನ ವಸ್ತು’ವಿನ ಸ್ಥಾನವಿದೆ. ಅಂಥ ವಸ್ತುವಿನ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅದನ್ನು ರಫ್ತು ಮಾಡುವಂತಿಲ್ಲ. ಬಿಲ್ಲಿನಲ್ಲಿ ಈ ಪದಗಳನ್ನು ಬರೆಯುವಾಗ ಎಚ್ಚರವಿರಲಿ.

ಒಡವೆ ಯಾರದು?

ಮಾರುವ ಮೊದಲು ಕೇಳಬೇಕಾದ ಪ್ರಶ್ನೆಯಿದು. ಅಂಗಡಿಗೆ ಬಂಡವಾಳ ಸಾಲದಾದಾಗ ಮನೆಯಾಕೆಯ ಬಂಗಾರ ಅಡವಿಗೆ ಹೋಗುವುದು ಹೊಸ ಸಂಗತಿಯಲ್ಲ. ಆದರೆ ಮದುವೆಯಲ್ಲಿ ತವರಿನವರು ಕೊಟ್ಟ ಒಡವೆ ಸ್ತ್ರೀಧನ. ಅದು ಪತಿ ಪತ್ನಿಯರ ಜಂಟಿ ಆಸ್ತಿಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2024ರಲ್ಲಿ ಪುನಃ ಸ್ಪಷ್ಟಪಡಿಸಿದೆ. ಪತಿಯು ಕಷ್ಟಕಾಲದಲ್ಲಿ ಅದನ್ನು ಬಳಸಿಕೊಂಡರೂ, ಹಿಂದಿರುಗಿಸುವ ಹೊಣೆ ಅವನದೇ. ಆಕೆಯ ಒಡವೆಯನ್ನು ಆಕೆಯ ಒಪ್ಪಿಗೆಯೊಡನೆ ಮಾರಿ ಹಣವನ್ನು ವ್ಯಾಪಾರಕ್ಕೆ ತಂದಲ್ಲಿ, ಪುಸ್ತಕದಲ್ಲಿ ಅದನ್ನು ಆಕೆಯ ಹೆಸರಿನ ಸಾಲವೆಂದು ತೋರಿಸುವುದು ಧರ್ಮವೂ ಹೌದು, ಸರಿಯಾದ ಲೆಕ್ಕವೂ ಹೌದು.

ತೆರಿಗೆಯ ಲೆಕ್ಕ

ವಾರಸಿನಿಂದ ಒಡವೆ ಬಂದ ದಿನ ಆದಾಯ ತೆರಿಗೆಯಿಲ್ಲ. ಮಾರಿದ ದಿನ ಉಂಟು. ಸ್ವಂತ ಬಳಕೆಯ ಇತರ ಚರ ವಸ್ತುಗಳಿಗೆ ಇರುವ ವಿನಾಯಿತಿ ಆಭರಣಕ್ಕೆ ಇಲ್ಲ. ತಾಯಿಯ ಖರೀದಿ ಬೆಲೆಯೇ ಮಗನ ಖರೀದಿ ಬೆಲೆ; ತಾಯಿ ಇಟ್ಟುಕೊಂಡಿದ್ದ ಅವಧಿಯೂ ಮಗನ ಅವಧಿಗೆ ಸೇರುತ್ತದೆ. 2001ರ ಏಪ್ರಿಲ್ 1ಕ್ಕಿಂತ ಮೊದಲು ಕೊಂಡ ಒಡವೆಗೆ, ಆ ದಿನದ ಮಾರುಕಟ್ಟೆ ಬೆಲೆಯನ್ನು ಖರೀದಿ ಬೆಲೆಯಾಗಿ ತೆಗೆದುಕೊಳ್ಳಬಹುದು. 24 ತಿಂಗಳು ಮೀರಿದ್ದರೆ ದೀರ್ಘಾವಧಿ ಲಾಭ. 2024ರ ಜುಲೈ 23ರಿಂದ ಅದರ ದರ ಶೇ. 12.5, ಹಣದುಬ್ಬರದ ಹೊಂದಾಣಿಕೆಯಿಲ್ಲದೆ.

ಒಂದು ಕಾಲ್ಪನಿಕ ಉದಾಹರಣೆ: ಗಂಗಾವತಿಯ ಅಕ್ಕಿ ವರ್ತಕರೊಬ್ಬರು ತಾಯಿಯಿಂದ ಬಂದ, 1985ರ ಸರಗಳನ್ನು 9,00,000 ರೂಪಾಯಿಗೆ ಮಾರುತ್ತಾರೆ. 2001ರ ಬೆಲೆ 45,000 ಎಂದು ಮೌಲ್ಯಮಾಪಕರ ವರದಿಯಿದೆ. ಲಾಭ 8,55,000, ಅದರ ಮೇಲೆ ತೆರಿಗೆ 1,06,875 ಮತ್ತು ಸೆಸ್. ಇದೇ ಮೊತ್ತವನ್ನು ಅಜಾಗರೂಕತೆಯಿಂದ ವ್ಯಾಪಾರದ ಮಾರಾಟವೆಂದು ಜಮಾ ಮಾಡಿದರೆ, ಶೇ. 30ರ ಹಂತದಲ್ಲಿರುವವರಿಗೆ ತೆರಿಗೆ 2,70,000ಕ್ಕೆ ಏರುತ್ತದೆ. ಒಂದು ತಪ್ಪು ಜಮೆಯ ಬೆಲೆ ಒಂದೂವರೆ ಲಕ್ಷಕ್ಕೂ ಹೆಚ್ಚು. ಮೂಲವನ್ನೇ ತೋರಿಸಲಾಗದಿದ್ದರೆ ನಷ್ಟ ಇನ್ನೂ ದೊಡ್ಡದು.

ಆಭರಣ ವ್ಯಾಪಾರಿಗಳ ಪಾಲಿಗೆ

ಗೃಹಸ್ಥರು ತಮ್ಮ ಹಳೆಯ ಒಡವೆಯನ್ನು ಅಂಗಡಿಗೆ ಮಾರಿದರೆ ಅದು ವ್ಯಾಪಾರವಲ್ಲ. ಅವರ ಪರವಾಗಿ ಅಂಗಡಿಯವರು ಜಿಎಸ್‌ಟಿ ಕಟ್ಟಬೇಕಿಲ್ಲವೆಂದು 2017ರ ಜುಲೈನಲ್ಲಿಯೇ ಕೇಂದ್ರ ಸರ್ಕಾರ ಸ್ಪಷ್ಟನೆ ನೀಡಿತು. ಮರುಮಾರಾಟದಲ್ಲಿ ಒಂದು ಸೂಕ್ಷ್ಮವಿದೆ. ತೊಳೆದು ಮೆರುಗು ಕೊಟ್ಟು, ರೂಪ ಬದಲಿಸದೆ ಮಾರಿದರೆ, ಹೂಡುವಳಿ ತೆರಿಗೆ ಜಮೆ ಪಡೆದಿರದಿದ್ದಲ್ಲಿ, ಕೊಂಡ ಮತ್ತು ಮಾರಿದ ಬೆಲೆಗಳ ಅಂತರದ ಮೇಲೆ ಮಾತ್ರ ತೆರಿಗೆಯೆಂದು ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರವು 2021ರಲ್ಲಿ ಹೇಳಿತು. ಕರಗಿಸಿದರೆ ಈ ಅನುಕೂಲವಿಲ್ಲ. ಪೂರ್ತಿ ಬೆಲೆಯ ಮೇಲೆ ತೆರಿಗೆ. ಇಂಥ ತೀರ್ಪು ಅರ್ಜಿದಾರರಿಗೆ ಮತ್ತು ಅವರ ಅಧಿಕಾರಿಗಳಿಗೆ ಮಾತ್ರ ಬದ್ಧವೆಂಬುದನ್ನೂ ಮರೆಯಬಾರದು.

ದಾಖಲೆಯೇ ರಕ್ಷೆ

ಶೋಧದ ವೇಳೆ ವಿವಾಹಿತ ಸ್ತ್ರೀಗೆ 500, ಅವಿವಾಹಿತೆಗೆ 250, ಪುರುಷನಿಗೆ 100 ಗ್ರಾಮಿನವರೆಗಿನ ಆಭರಣ ವಶಪಡಿಸಿಕೊಳ್ಳಬಾರದೆಂದು 1994ರ ಮೇ 11ರ ಸೂಚನೆ ಹೇಳುತ್ತದೆ. ಇದು ವಶಪಡಿಸಿಕೊಳ್ಳುವಿಕೆಗೆ ಸಂಬಂಧಿಸಿದ ಮಾತು. ಒಡೆತನದ ಮಿತಿಯೂ ಅಲ್ಲ, ಮೂಲದ ಪುರಾವೆಯೂ ಅಲ್ಲ. ಪುರಾವೆಗೆ ಬೇಕಾದವು ಇಷ್ಟು:

1. ಒಡವೆಯ ಹೆಸರು, ತೂಕ, ಕೊಟ್ಟವರು, ಪಡೆದವರು, ವರ್ಷ ನಮೂದಿಸಿದ ಸಹಿಯುಳ್ಳ ಯಾದಿ.
2. ಮರಣಶಾಸನ ಅಥವಾ ಪಾಲುಪಟ್ಟಿಯಲ್ಲಿ ಒಡವೆಗಳ ಪ್ರತ್ಯೇಕ ಉಲ್ಲೇಖ.
3. ಮದುವೆಯ ಛಾಯಾಚಿತ್ರ, ಹಳೆಯ ರಸೀದಿ, ನೋಂದಾಯಿತ ಮೌಲ್ಯಮಾಪಕರ ವರದಿ.
4. ಮಾರಾಟದ ಹಣ ಬ್ಯಾಂಕಿನ ಮೂಲಕವೇ ಬರುವ ವ್ಯವಸ್ಥೆ. 2 ಲಕ್ಷ ರೂಪಾಯಿ ಅಥವಾ ಮೇಲ್ಪಟ್ಟು ನಗದು ಪಡೆಯುವುದು 2017ರಿಂದ ನಿಷಿದ್ಧ.

ಹೊಲ, ಮನೆ, ಅಂಗಡಿಗಳ ಪಾಲನ್ನು ಸ್ಟ್ಯಾಂಪ್ ಕಾಗದದ ಮೇಲೆ ಬರೆಯುವ ಕುಟುಂಬಗಳು ಒಡವೆಯ ಪಾಲನ್ನು ಬಾಯಿಮಾತಿಗೆ ಬಿಡುತ್ತವೆ. ಒಡವೆಯ ಮೂಲ ಬಲ್ಲ ಹಿರಿಯರು ತೀರಿಕೊಂಡ ಮೇಲೆ ಅಧಿಕಾರಿಗೂ ಉತ್ತರವಿಲ್ಲ, ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ಸಮಾಧಾನವಿಲ್ಲ. ಹಿರಿಯರು ಇರುವಾಗಲೇ ಅವರನ್ನು ಕೂರಿಸಿಕೊಂಡು ಒಂದು ಹಾಳೆಯ ಯಾದಿ ಬರೆಸಿಕೊಳ್ಳುವುದು ಪ್ರತಿಯೊಬ್ಬ ವರ್ತಕನ ಹಿತಕ್ಕೆ ಒಳ್ಳೆಯದು.