ಬೇಲಿಗೆ ಕಾವಲು ಯಾರು?

ಕರ್ಣಾಟಕದ ಅನೇಕ ಮನೆತನಗಳ ಮಕ್ಕಳು ಇಂದು ಅಮೆರಿಕಾದ ಸಂಯುಕ್ತ ಸಂಸ್ಥಾನಗಳಲ್ಲಿ ನೆಲಸಿರುವರು. ಅವರಲ್ಲಿ ಆ ದೇಶದ ಪೌರತ್ವವನ್ನು ಬಯಸುವವರು ಸಾಮಾನ್ಯವಾಗಿ ಅಧಿಕಾರಿಯೊಬ್ಬನ ಮುಂದೆ ಕುಳಿತು, ಅಲ್ಲಿಯ ರಾಜ್ಯಾಂಗವನ್ನೂ ಚರಿತ್ರೆಯನ್ನೂ ಕುರಿತ ಕೆಲವು ಪ್ರಶ್ನೆಗಳಿಗೆ ಬಾಯುತ್ತರವನ್ನು ಕೊಡಬೇಕಾಗುವುದು. ದೇಶದ ಪರಮ ಶಾಸನವು ಯಾವುದು? ಪೌರರಿಗೆ ಮಾತ್ರವೇ ಸಲ್ಲುವ ಹಕ್ಕು ಯಾವುದು? ಇಂಥವು ಆ ಪ್ರಶ್ನೆಗಳು. ಎರಡನೆಯದಕ್ಕೆ ‘ಮತದಾನ’ ಎಂದು ಒಂದೇ ಮಾತಿನಲ್ಲಿ ಉತ್ತರವಿತ್ತು ಎದ್ದು ಬರಬಹುದು. ಆದರೆ ಆ ಒಂದು ಮಾತು ಆ ದೇಶದ ಪೌರರೆಲ್ಲರ ಪಾಲಿಗೆ ನಿಜವಾಗುವುದಕ್ಕೆ ಸುಮಾರು ನೂರೆಂಬತ್ತು ವರ್ಷಗಳು ಹಿಡಿದುವೆಂಬುದನ್ನು ನಮ್ಮ ವಾಚಕರಲ್ಲಿ ಎಷ್ಟು ಮಂದಿ ಬಲ್ಲರು? ಪ್ರಜಾಪ್ರಭುತ್ವದಲ್ಲಿ ಬಾಳುತ್ತಿರುವ ನಾವು ಈ ಕಥೆಯನ್ನು ತಿಳಿದಿರುವುದು ಹಿತಕರವೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇವೆ.

೧೭೭೬ರ ಜುಲೈ ತಿಂಗಳಿನಲ್ಲಿ ಹದಿಮೂರು ವಸಾಹತುಗಳು ಇಂಗ್ಲೆಂಡಿನ ದೊರೆಯ ಅಧೀನತೆಯನ್ನು ಕಿತ್ತೊಗೆದು ಸ್ವಾತಂತ್ರ್ಯವನ್ನು ಘೋಷಿಸಿದುವು. ಯುದ್ಧವು ಮುಗಿದ ತರುವಾಯ, ೧೭೮೭ರಲ್ಲಿ, ಅವುಗಳ ಪೈಕಿ ಹನ್ನೆರಡರ ಪ್ರತಿನಿಧಿಗಳು ಫಿಲಡೆಲ್ಫಿಯಾ ನಗರದಲ್ಲಿ ಸೇರಿ, ಬಾಗಿಲುಗಳನ್ನು ಮುಚ್ಚಿಕೊಂಡು ಸುಮಾರು ನಾಲ್ಕು ತಿಂಗಳ ಕಾಲ ಚರ್ಚಿಸಿ ಒಂದು ರಾಜ್ಯಾಂಗವನ್ನು ಬರೆದರು. ಬೇಲಿಯೇ ಎದ್ದು ಹೊಲವನ್ನು ಮೇದಂತೆ ಎಂಬ ಗಾದೆಯು ನಮ್ಮಲ್ಲುಂಟು. ಆ ಮಹನೀಯರನ್ನು ಕಾಡಿದ ಚಿಂತೆಯೂ ಇದೇ ಆಗಿದ್ದಿತು. ಸರಕಾರವೆಂಬ ಬೇಲಿಯಿಲ್ಲದೆ ಪ್ರಜೆಗಳ ಬಾಳು ನಡೆಯದು; ಆದರೆ ದೊರೆಯ ದಬ್ಬಾಳಿಕೆಯನ್ನು ಉಂಡು ಬಂದ ಜನರು ಬೇಲಿಯನ್ನು ನಂಬುವುದಾದರೂ ಹೇಗೆ?

ಇದಕ್ಕೆ ಅವರು ಕಂಡುಕೊಂಡ ಉಪಾಯವು ಅಧಿಕಾರವನ್ನು ಮೂರು ಪಾಲು ಮಾಡಿ, ಒಂದೊಂದಕ್ಕೂ ಉಳಿದೆರಡನ್ನು ಕಾವಲಿಡುವುದು. ಶಾಸನವನ್ನು ಮಾಡುವುದು ಕಾಂಗ್ರೆಸ್ಸಿನ ಕೆಲಸ. ಅಲ್ಲಿ ಈ ಹೆಸರು ಪಕ್ಷದ್ದಲ್ಲ, ಶಾಸನಸಭೆಯದು. ಶಾಸನವನ್ನು ನಡೆಯಿಸುವುದು ಅಧ್ಯಕ್ಷರ ಕೆಲಸ. ಅದರ ಅರ್ಥವನ್ನು ನಿರ್ಣಯಿಸುವುದು ನ್ಯಾಯಸ್ಥಾನಗಳ ಕೆಲಸ. ಕಾಂಗ್ರೆಸ್ಸಿನ ಮಸೂದೆಯನ್ನು ಅಧ್ಯಕ್ಷರು ತಿರಸ್ಕರಿಸಬಹುದು. ಎರಡು ಸಭೆಗಳೂ ಮೂರರಲ್ಲಿ ಎರಡು ಪಾಲು ಮತಗಳಿಂದ ಆ ತಿರಸ್ಕಾರವನ್ನು ಮೀರಬಹುದು. ಅಧ್ಯಕ್ಷರು ನ್ಯಾಯಾಧಿಪತಿಗಳನ್ನು ಹೆಸರಿಸಬಹುದು. ಸೆನೆಟ್ ಸಭೆಯು ಒಪ್ಪಿದಲ್ಲದೆ ಅವರು ಪೀಠವನ್ನೇರಲಾರರು. ರಾಜ್ಯಾಂಗಕ್ಕೆ ವಿರುದ್ಧವಾದ ಶಾಸನವನ್ನು ಶೂನ್ಯವೆಂದು ಸಾರುವ ಅಧಿಕಾರವನ್ನು ಪರಮೋಚ್ಚ ನ್ಯಾಯಸ್ಥಾನವು ೧೮೦೩ರಲ್ಲಿ ಸ್ಥಾಪಿಸಿಕೊಂಡಿತು.

ಈ ಏರ್ಪಾಡು ಕೆಲಸ ಮಾಡುವುದೇ ಎಂದು ಕೇಳುವವರಿಗೆ ೧೯೭೪ರ ವೃತ್ತಾಂತವು ಉತ್ತರವನ್ನು ಹೇಳುವುದು. ಅಧ್ಯಕ್ಷ ರಿಚರ್ಡ್ ನಿಕ್ಸನ್ನರು ೧೯೭೨ರ ಚುನಾವಣೆಯಲ್ಲಿ ಐವತ್ತು ಸಂಸ್ಥಾನಗಳ ಪೈಕಿ ನಲವತ್ತೊಂಬತ್ತನ್ನು ಗೆದ್ದಿದ್ದರು. ಆದರೂ ವಾಟರ್‌ಗೇಟ್ ಪ್ರಕರಣದಲ್ಲಿ, ತಮ್ಮ ಕಚೇರಿಯ ಸಂಭಾಷಣೆಗಳ ಧ್ವನಿಮುದ್ರಿಕೆಗಳನ್ನು ವಿಚಾರಣೆಗೆ ಒಪ್ಪಿಸಲಾರೆನೆಂದು ಅವರು ಹಟ ಹಿಡಿದಾಗ, ಒಪ್ಪಿಸಲೇಬೇಕೆಂದು ನ್ಯಾಯಸ್ಥಾನವು ಜುಲೈ ೨೪ರಂದು ಏಕಮತದಿಂದ ತೀರ್ಪಿತ್ತಿತು. ಹಾಗೆ ತೀರ್ಪಿತ್ತ ಎಂಟು ಮಂದಿಯಲ್ಲಿ ಮೂವರು ನಿಕ್ಸನ್ನರೇ ನೇಮಿಸಿದವರು! ಆಗಸ್ಟ್ ೯ರಂದು ಅವರು ಅಧಿಕಾರವನ್ನು ತ್ಯಜಿಸಿದರು.

ಇನ್ನು ಚುನಾವಣೆಯ ಕ್ರಮ. ಕಾಂಗ್ರೆಸ್ಸಿನಲ್ಲಿ ಎರಡು ಸಭೆಗಳುಂಟು. ಪ್ರತಿನಿಧಿ ಸಭೆಯ ೪೩೫ ಸದಸ್ಯರು ಜನಸಂಖ್ಯೆಗನುಸಾರವಾಗಿ ಎರಡೆರಡು ವರ್ಷಗಳಿಗೆ ಆರಿಸಲ್ಪಡುವರು. ಸೆನೆಟ್ ಸಭೆಗೆ ಸಂಸ್ಥಾನವು ದೊಡ್ಡದಿರಲಿ ಚಿಕ್ಕದಿರಲಿ ಇಬ್ಬಿಬ್ಬರಂತೆ ಒಟ್ಟು ನೂರು ಮಂದಿ. ಅವರ ಅವಧಿಯು ಆರು ವರ್ಷಗಳು. ೨೦೨೦ರ ಜನಗಣತಿಯಲ್ಲಿ ಆರು ಲಕ್ಷಕ್ಕೂ ಕಡಿಮೆ ಜನರಿದ್ದ ವಯೋಮಿಂಗಿಗೂ, ಸುಮಾರು ನಾಲ್ಕು ಕೋಟಿ ಜನರಿದ್ದ ಕ್ಯಾಲಿಫೋರ್ನಿಯಾಕ್ಕೂ ಅಲ್ಲಿ ಸಮಾನ ಸ್ಥಾನ. ಅಧ್ಯಕ್ಷರನ್ನು ಜನರು ನೇರವಾಗಿ ಆರಿಸುವುದಿಲ್ಲ. ಸಂಸ್ಥಾನಗಳಿಗೂ ರಾಜಧಾನಿಗೂ ಸೇರಿ ೫೩೮ ನಿರ್ವಾಚಕರು ಗೊತ್ತಾಗಿರುವರು. ಅವರಲ್ಲಿ ೨೭೦ ಮಂದಿಯ ಮತವನ್ನು ಪಡೆದವರೇ ಅಧ್ಯಕ್ಷರು. ಎರಡು ಸಂಸ್ಥಾನಗಳನ್ನುಳಿದು ಮಿಕ್ಕೆಲ್ಲ ಕಡೆಗಳಲ್ಲಿಯೂ, ಒಂದೇ ಮತದಿಂದ ಮುಂದಾದವರಿಗೂ ಆ ಸಂಸ್ಥಾನದ ಎಲ್ಲ ನಿರ್ವಾಚಕರು ದೊರೆಯುವರು. ಆದುದರಿಂದಲೇ ೨೦೦೦ದಲ್ಲಿ ಒಟ್ಟು ಐದು ಲಕ್ಷಕ್ಕೂ ಮಿಕ್ಕಿ ಹೆಚ್ಚು ಮತಗಳನ್ನು ಪಡೆದ ಆಲ್ ಗೋರರು, ಫ್ಲಾರಿಡಾದಲ್ಲಿ ಕೇವಲ ೫೩೭ ಮತಗಳಿಂದ ಹಿಂದೆ ಬಿದ್ದು ಪದವಿಯನ್ನು ಕಳೆದುಕೊಂಡರು. ೨೦೧೬ರಲ್ಲಿ ಸುಮಾರು ೨೮ ಲಕ್ಷ ಮತಗಳಷ್ಟು ಮುಂದಿದ್ದ ಹಿಲರಿ ಕ್ಲಿಂಟನ್ನರೂ ಸೋತರು. ಒಂದೊಂದು ಮತಕ್ಕೆ ಒಂದೊಂದು ತೂಕವೆಂಬ ಈ ಆಕ್ಷೇಪಣೆಯನ್ನು ಆ ದೇಶದವರೇ ಬಹುಕಾಲದಿಂದ ಎತ್ತುತ್ತ ಬಂದಿರುವರು. ಆದರೆ ರಾಜ್ಯಾಂಗವನ್ನು ತಿದ್ದಬೇಕಾದರೆ ಎರಡು ಸಭೆಗಳಲ್ಲಿಯೂ ಮೂರರಲ್ಲಿ ಎರಡು ಪಾಲಿನ ಒಪ್ಪಿಗೆಯೂ, ಐವತ್ತರಲ್ಲಿ ಮೂವತ್ತೆಂಟು ಸಂಸ್ಥಾನಗಳ ಅನುಮೋದನೆಯೂ ಬೇಕು. ಅದು ಸುಲಭಸಾಧ್ಯವಲ್ಲ.

ಅಧಿಕಾರವನ್ನು ಹಂಚಿದರೆ ಸಾಲದು, ಪ್ರಜೆಯ ಹಕ್ಕುಗಳನ್ನೂ ಬರೆದಿಡಬೇಕೆಂಬ ಕೂಗು ಎದ್ದುದರಿಂದ ೧೭೯೧ರಲ್ಲಿ ಹತ್ತು ತಿದ್ದುಪಡಿಗಳು ಸೇರಿಸಲ್ಪಟ್ಟವು. ಮತ, ವಾಕ್ಕು, ಮುದ್ರಣ, ಶಾಂತಸಭೆ, ಅಹವಾಲು, ಈ ಐದರ ಸ್ವಾತಂತ್ರ್ಯವು ಮೊದಲನೆಯ ತಿದ್ದುಪಡಿಯಲ್ಲಿಯೇ ಇದೆ. ಕಾರಣವಿಲ್ಲದೆ ಮನೆಯನ್ನು ಶೋಧಿಸಬಾರದು. ತನ್ನ ಮೇಲೆ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲಾತ್ಕರಿಸಬಾರದು. ಆಪಾದಿತನಿಗೆ ವಕೀಲನ ನೆರವು ಇರಬೇಕು. ಬರೆದುದೇನೋ ಬಹಳ ಚೆನ್ನಾಗಿದೆ. ಆದರೆ ೧೯೬೧ರಲ್ಲಿ ಫ್ಲಾರಿಡಾದ ಕ್ಲಾರೆನ್ಸ್ ಗಿಡಿಯನ್ ಎಂಬ ಬಡವನು ಕಳ್ಳತನದ ಆಪಾದನೆಗೆ ಗುರಿಯಾಗಿ, ವಕೀಲನನ್ನು ಕೊಡಿರೆಂದು ಕೇಳಿದಾಗ ನ್ಯಾಯಾಧೀಶರು ಇಲ್ಲವೆಂದರು. ಐದು ವರ್ಷಗಳ ಸಜೆಯಾಯಿತು. ಅವನು ಸೆರೆಮನೆಯಿಂದ ಸೀಸದ ಕಡ್ಡಿಯಲ್ಲಿ ಪರಮೋಚ್ಚ ನ್ಯಾಯಸ್ಥಾನಕ್ಕೆ ಅರ್ಜಿಯನ್ನು ಬರೆದನು. ಗುರುತರವಾದ ಅಪರಾಧದ ವಿಚಾರಣೆಯಲ್ಲಿ ಬಡವನಿಗೆ ಸಂಸ್ಥಾನವೇ ವಕೀಲನನ್ನು ಒದಗಿಸತಕ್ಕದ್ದೆಂದು ೧೯೬೩ರಲ್ಲಿ ತೀರ್ಪಾಯಿತು. ವಕೀಲನೊಡನೆ ನಡೆದ ಮರುವಿಚಾರಣೆಯಲ್ಲಿ ಗಿಡಿಯನ್ ನಿರ್ದೋಷಿಯೆಂದು ಬಿಡುಗಡೆ ಹೊಂದಿದನು. ೧೭೯೧ರ ಅಕ್ಷರಕ್ಕೆ ೧೯೬೩ರಲ್ಲಿ ಜೀವ ಬಂದುದು ಒಬ್ಬ ಖೈದಿಯ ಸೀಸದ ಕಡ್ಡಿಯಿಂದ!

ಇಷ್ಟೆಲ್ಲ ಬೇಲಿಗಳನ್ನು ಕಟ್ಟಿದವರು ಹೊಲದ ಹೊರಗೆ ಯಾರನ್ನು ನಿಲ್ಲಿಸಿದರೆಂಬುದನ್ನು ಈಗ ನೋಡೋಣ. ‘ಗುಲಾಮ’ ಎಂಬ ಶಬ್ದವನ್ನು ಬರೆಯದೆಯೇ, ಪ್ರತಿನಿಧಿಗಳ ಸಂಖ್ಯೆಯನ್ನು ಗೊತ್ತುಪಡಿಸುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸುವ ಏರ್ಪಾಡನ್ನು ೧೭೮೭ರ ರಾಜ್ಯಾಂಗವು ಒಳಗೊಂಡಿತ್ತು. ಎಣಿಕೆಗೆ ಅವರು ಬೇಕಾಗಿದ್ದರು, ಮತಕ್ಕೆ ಬೇಕಾಗಿರಲಿಲ್ಲ. ಸ್ತ್ರೀಯರ ಸ್ಥಿತಿಯೂ ಶೋಚನೀಯವಾಗಿಯೇ ಇದ್ದಿತು. ೧೮೭೨ರಲ್ಲಿ ಸೂಸನ್ ಆಂಥನಿ ಎಂಬ ಧೀರ ಮಹಿಳೆಯು ರಾಚೆಸ್ಟರ್ ನಗರದಲ್ಲಿ ಮತವನ್ನು ಹಾಕಿದುದೇ ಅಪರಾಧವಾಗಿ, ನೂರು ಡಾಲರು ದಂಡವನ್ನು ವಿಧಿಸಲಾಯಿತು. ಆಕೆಯು ಅದನ್ನು ಕಡೆಯವರೆಗೂ ತೆರಲಿಲ್ಲ. ಸ್ತ್ರೀಯರಿಗೆ ಮತವನ್ನು ಕೊಟ್ಟ ತಿದ್ದುಪಡಿಯು ಬಂದುದು ೧೯೨೦ರಲ್ಲಿ, ಆಕೆಯು ತೀರಿಕೊಂಡ ಹದಿನಾಲ್ಕು ವರ್ಷಗಳ ಮೇಲೆ.

ಒಳಯುದ್ಧದ ರಕ್ತಪಾತದ ಅನಂತರ, ೧೮೬೫ರಲ್ಲಿ ಗುಲಾಮಗಿರಿಯು ಅಳಿಯಿತು. ಬಣ್ಣದ ಕಾರಣದಿಂದ ಯಾರ ಮತವನ್ನೂ ಕಸಿಯಕೂಡದೆಂದು ೧೮೭೦ರ ಹದಿನೈದನೆಯ ತಿದ್ದುಪಡಿಯು ಸ್ಪಷ್ಟವಾಗಿ ಸಾರಿತು. ಆದರೆ ದಕ್ಷಿಣದ ಸಂಸ್ಥಾನಗಳು ಬಣ್ಣದ ಹೆಸರೆತ್ತದೆಯೇ ಅದನ್ನು ಮುರಿಯುವ ದಾರಿಯನ್ನು ಕಂಡುಕೊಂಡುವು. ಮತ ಹಾಕುವವನು ತಲೆಗಂದಾಯವನ್ನು ಕಟ್ಟಬೇಕು. ರಾಜ್ಯಾಂಗದ ಒಂದು ವಿಧಿಯನ್ನು ಓದಿ ಅರ್ಥ ಹೇಳಬೇಕು. ಅರ್ಥವು ಸರಿಯೋ ತಪ್ಪೋ ಎಂಬುದನ್ನು ಪಟ್ಟಿ ಬರೆಯುವ ಬಿಳಿಯ ಗುಮಾಸ್ತನೇ ತೀರ್ಮಾನಿಸುವನು. ಇಷ್ಟೂ ಸಾಲದಾದಾಗ ದೊಣ್ಣೆಯೂ ಹಗ್ಗವೂ ಇದ್ದೇ ಇದ್ದುವು. ಹೀಗೆ ತೊಂಬತ್ತೈದು ವರ್ಷಗಳು ಕಳೆದುವು.

೧೯೬೫ರ ಮಾರ್ಚ್ ೭, ಭಾನುವಾರ. ಅಲಬಾಮಾ ಸಂಸ್ಥಾನದ ಸೆಲ್ಮಾ ಪಟ್ಟಣದಿಂದ ಸುಮಾರು ಆರು ನೂರು ಮಂದಿ ಮತದ ಹಕ್ಕನ್ನು ಬೇಡಿ ನಿರಾಯುಧರಾಗಿ ಕಾಲ್ನಡಿಗೆಯಲ್ಲಿ ಹೊರಟರು. ಪೊಲೀಸಿನವರು ಸೇತುವೆಯ ಬಳಿ ಅವರ ಮೇಲೆ ಬಿದ್ದು, ಲಾಠಿಗಳಿಂದ ಬಡಿದು ಅಶ್ರುವಾಯುವನ್ನು ಬಿಟ್ಟರು. ಜಾನ್ ಲೂಯಿಸ್ ಎಂಬ ತರುಣನ ತಲೆಯೊಡೆಯಿತು. ಯಾರೂ ತಿರುಗಿ ಕೈಯೆತ್ತಲಿಲ್ಲ. ಧಾರಾಸಣದ ಉಪ್ಪಿನ ಸತ್ಯಾಗ್ರಹವನ್ನು ಬಲ್ಲ ನಮ್ಮ ಜನರಿಗೆ ಈ ಚಿತ್ರವು ಅಪರಿಚಿತವಲ್ಲ. ಆ ಚಳವಳಿಯ ನಾಯಕರಾದ ಮಾರ್ಟಿನ್ ಲೂಥರ್ ಕಿಂಗರು ೧೯೫೯ರಲ್ಲಿ ಗಾಂಧೀಜಿಯವರ ನಾಡನ್ನು ನೋಡಲೆಂದೇ ಭಾರತಕ್ಕೆ ಬಂದಿದ್ದವರು. ಸೆಲ್ಮಾದ ದೃಶ್ಯವನ್ನು ದೂರದರ್ಶನದಲ್ಲಿ ಕಂಡ ದೇಶವು ನಾಚಿತು. ಆಗಸ್ಟ್ ೬ರಂದು ಅಧ್ಯಕ್ಷ ಜಾನ್ಸನ್ನರು ಮತದಾನದ ಹಕ್ಕುಗಳ ಶಾಸನಕ್ಕೆ ರುಜು ಹಾಕಿದರು. ಮಿಸಿಸಿಪಿಯಲ್ಲಿ ಅದುವರೆಗೆ ಮತದಾರರ ಪಟ್ಟಿಯಲ್ಲಿದ್ದ ಆಫ್ರಿಕಾ ಮೂಲದ ವಯಸ್ಕರು ನೂರಕ್ಕೆ ಏಳಕ್ಕಿಂತ ಕಡಿಮೆ. ೧೯೬೭ರ ವೇಳೆಗೆ ನೂರಕ್ಕೆ ಸುಮಾರು ಅರುವತ್ತು! ತಲೆಯೊಡೆಸಿಕೊಂಡ ತರುಣನು ಮುಂದೆ ಕಾಂಗ್ರೆಸ್ಸಿನ ಸದಸ್ಯನಾಗಿ, ೧೯೮೭ರಿಂದ ೨೦೨೦ರಲ್ಲಿ ಮರಣ ಹೊಂದುವವರೆಗೂ ಸೇವೆ ಸಲ್ಲಿಸಿದನು.

ನಮ್ಮವರೂ ಈ ಹೊಲದ ಹೊರಗೆ ನಿಂತವರೇ. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕಾದ ಸೈನಿಕನಾಗಿದ್ದ ಪಂಜಾಬಿನ ಭಗತ್ ಸಿಂಗ್ ಥಿಂದರಿಗೆ, ಅವರು ‘ಬಿಳಿಯ’ರಲ್ಲವೆಂಬ ಕಾರಣದಿಂದ ಪೌರತ್ವವು ಸಲ್ಲದೆಂದು ೧೯೨೩ರಲ್ಲಿ ಅದೇ ಪರಮೋಚ್ಚ ನ್ಯಾಯಸ್ಥಾನವು ತೀರ್ಪು ಕೊಟ್ಟಿತು. ಭಾರತೀಯರಿಗೆ ಆ ಬಾಗಿಲು ತೆರೆದುದು ೧೯೪೬ರ ಶಾಸನದಿಂದ. ಅನಂತರ ಹತ್ತೇ ವರ್ಷಗಳಲ್ಲಿ, ೧೯೫೬ರಲ್ಲಿ, ಪಂಜಾಬಿನವರೇ ಆದ ದಲೀಪ್ ಸಿಂಗ್ ಸೌಂದರು ಕ್ಯಾಲಿಫೋರ್ನಿಯಾದಿಂದ ಕಾಂಗ್ರೆಸ್ಸಿಗೆ ಆರಿಸಿಬಂದರು. ಇಂದು ಅಲ್ಲಿ ಪೌರತ್ವದ ಪ್ರಶ್ನೆಗಳಿಗೆ ಉತ್ತರ ಹೇಳುವ ನಮ್ಮ ತರುಣರು ಈ ಹಿರಿಯರನ್ನು ನೆನೆಯಬೇಕು.

ಗೆದ್ದ ಹಕ್ಕು ಗೆದ್ದಂತೆಯೇ ಉಳಿಯುವುದೆಂದು ತಿಳಿಯುವುದೂ ತಪ್ಪು. ಹಿಂದೆ ಅನ್ಯಾಯವನ್ನು ಮಾಡಿದ ಪ್ರದೇಶಗಳು ಮತದಾನದ ನಿಯಮಗಳನ್ನು ಬದಲಾಯಿಸುವ ಮುನ್ನ ಕೇಂದ್ರದ ಒಪ್ಪಿಗೆಯನ್ನು ಪಡೆಯಬೇಕೆಂಬುದು ೧೯೬೫ರ ಶಾಸನದ ಬೆನ್ನೆಲುಬಾಗಿದ್ದಿತು. ಆ ಪ್ರದೇಶಗಳನ್ನು ಗುರುತಿಸುವ ವಿಧಿಯನ್ನು ನ್ಯಾಯಸ್ಥಾನವು ೨೦೧೩ರಲ್ಲಿ ಐವರು ನಾಲ್ವರೆಂಬ ಬಹುಮತದಿಂದ ರದ್ದುಗೊಳಿಸಿತು. ೨೦೨೧ರ ಜನವರಿ ೬ರಂದು, ನಿರ್ವಾಚಕರ ಮತಗಳನ್ನು ಎಣಿಸುತ್ತಿದ್ದ ಕಾಂಗ್ರೆಸ್ ಭವನಕ್ಕೇ ಜನರ ಗುಂಪೊಂದು ನುಗ್ಗಿತು. ಸದಸ್ಯರು ಅದೇ ರಾತ್ರಿ ಮರಳಿ ಕೂಡಿ, ಬೆಳಗಾಗುವುದರೊಳಗಾಗಿ ಎಣಿಕೆಯನ್ನು ಮುಗಿಸಿದರೆಂಬುದೇ ಸಮಾಧಾನದ ಸಂಗತಿ.

ನಮ್ಮ ರಾಜ್ಯಾಂಗವು ರಚಿತವಾಗುತ್ತಿದ್ದಾಗ, ಅದರ ಸಲಹೆಗಾರರಾಗಿದ್ದ ಮಂಗಳೂರಿನ ಮನೆತನದ ಬೆನೆಗಲ್ ನರಸಿಂಗರಾಯರು ೧೯೪೭ರಲ್ಲಿ ಅಮೆರಿಕಾಕ್ಕೆ ಹೋಗಿ, ಅಲ್ಲಿಯ ನ್ಯಾಯಮೂರ್ತಿಗಳೊಡನೆ ವಿಚಾರವಿನಿಮಯವನ್ನು ಮಾಡಿ ಬಂದರು. ಹಕ್ಕುಗಳನ್ನು ಬರೆದಿಡುವ ಪದ್ಧತಿಯಲ್ಲಿ ನಾವು ಅವರಿಗೆ ಋಣಿಗಳು. ಆದರೆ ಅವರು ಕಂತುಕಂತಾಗಿ ಕೊಟ್ಟುದನ್ನು ನಾವು ಒಂದೇ ದಿನದಲ್ಲಿ ಕೊಟ್ಟೆವು. ಜಾತಿ, ಲಿಂಗ, ಅಕ್ಷರ, ಆಸ್ತಿ ಯಾವುದನ್ನೂ ಕೇಳದೆ ವಯಸ್ಕರೆಲ್ಲರಿಗೂ ೧೯೫೦ರ ರಾಜ್ಯಾಂಗವು ಮತವನ್ನಿತ್ತಿತು. ಇದು ನಮ್ಮ ಹೆಮ್ಮೆ. ಇದರಲ್ಲಿಯೇ ಒಂದು ಅಪಾಯವೂ ಉಂಟು. ಬೆವರು ಸುರಿಸದೆ ಬಂದ ಆಸ್ತಿಯ ಬೆಲೆಯು ಮಕ್ಕಳಿಗೆ ತಿಳಿಯದು.

ಮತದಾನದ ದಿನವನ್ನು ಬರಿಯ ರಜಾದಿನವೆಂದೆಣಿಸಿ ಮನೆಯಲ್ಲಿ ಮಲಗುವ ನಮ್ಮ ಸುಶಿಕ್ಷಿತ ಮಹಾಶಯರು, ಸೂಸನ್ ಆಂಥನಿಯ ದಂಡವನ್ನೂ ಸೆಲ್ಮಾದ ಸೇತುವೆಯನ್ನೂ ಒಮ್ಮೆ ನೆನೆಯಲಿ. ಬೇಲಿಗೆ ಕಾವಲು ಯಾರೆಂಬ ಪ್ರಶ್ನೆಗೆ ಫಿಲಡೆಲ್ಫಿಯಾದವರು ಮೂರು ಹೆಸರುಗಳನ್ನು ಬರೆದರು. ಮುಂದಿನ ಚರಿತ್ರೆಯು ನಾಲ್ಕನೆಯದೊಂದನ್ನು ಸೇರಿಸಿತು. ಅದು ಹೊಲದೊಡೆಯನ ಹೆಸರು. ಅವನು ನಿದ್ರಿಸಿದರೆ ಮಿಕ್ಕ ಮೂವರು ಎಷ್ಟು ಹೊತ್ತು ಎಚ್ಚರವಾಗಿದ್ದಾರು?